ಯಾರನ್ನೂ ಬಾಗಗೊಡದವರು

ಕಾಕಾ ಹೋದ ಸುದ್ದಿ ನನಗೆ ಮುಟ್ಟಿದ್ದು ಬಿಬವೇವಾಡಿಯ ಭಾಜಿ ಮಾರ್ಕೆಟ್ಟಿನಲ್ಲಿ. ಬಾಡಿದ ಮೆಂತ್ಯದ ಸಿವುಡೊಂದನ್ನು ಎತ್ತಿ ಹಿಡಿದು, ಇದನ್ನು ನಿನ್ನ ಮನೆಯಲ್ಲಿ ತಿನ್ನುತ್ತೀಯಾ ಎಂದು ಮಾರುವವನನ್ನು ತರಾಟೆಗೆ ತೆಗೆದುಕೊಂಡಿದ್ದೆ. ಪಕ್ಕದಲ್ಲಿದ್ದ ಪರಿಚಯದ ಹೆಂಗಸೊಬ್ಬಳು ಮರಾಠಿಯಲ್ಲಿ, ನಿಮ್ಮ ಜಪಾನ್ ಕಾಕಾ ಬೆಳಿಗ್ಗೆ ತೀರಿಕೊಂಡರಂತಲ್ಲ, ಗೊತ್ತಿಲ್ಲವೆ ಎಂದಳು. ಜಗಳವನ್ನು ಅರ್ಧಕ್ಕೆ ಬಿಡುವ ಹೆಂಗಸಲ್ಲ ನಾನು. ಅವತ್ತು ಬಿಟ್ಟೆ. ರಿಕ್ಷಾ ಹಿಡಿದು ಅವರ ಮನೆ ಮುಟ್ಟುವಷ್ಟರಲ್ಲಿ ಒಯ್ದುಬಿಟ್ಟಿದ್ದರು. ಬಾಗಿಲ ಮುಂದೆ ನೀರು ಹಾಕಿ ತೊಳೆದಿತ್ತು. ಅವರ ಕಾಲು ಮುಟ್ಟಿ ಒಂದು ನಮಸ್ಕಾರ ಮಾಡಬೇಕು ಎಂದು ಹದಿನೆಂಟು ವರ್ಷದಿಂದ ಕಾದವಳು ನಾನು. ಕೊನೆಗೂ ಆಗಲಿಲ್ಲ.

ಕಾಲು ಮುಟ್ಟಲು ಹದಿನೆಂಟು ವರ್ಷ ಯಾಕೆ ಬೇಕು ಎಂದು ಯಾರಾದರೂ ಕೇಳಬಹುದು. ಕಾಕಾ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ, ಅದಕ್ಕೆ. ನೀವು ಸೊಂಟ ಬಗ್ಗಿಸುವ ಮೊದಲೇ ಅವರ ಎರಡೂ ಕೈ ನಿಮ್ಮ ಭುಜದ ಮೇಲೆ ಇರುತ್ತಿದ್ದವು. ಒಂದು ಮದುವೆಯಲ್ಲಿ ಹೊಸ ಅಳಿಯ ಭಕ್ತಿಯಿಂದ ಬಾಗಲು ಹೋದ. ಇವರು ಎತ್ತಿದ ರಭಸಕ್ಕೆ ಅವನ ಪೇಟ ಉರುಳಿ ಬಾಸುಂದಿ ಪಾತೇಲಿಯ ಹತ್ತಿರ ಬಿತ್ತು. ಬೀಗರು ಮುಖ ಗಂಟಿಕ್ಕಿದರು. ಕಾಕಾ ಮಾತ್ರ ಪೇಟವನ್ನು ಜಾಡಿಸಿ ಅವನ ತಲೆಗೆ ಇಟ್ಟು, "ನೆಟ್ಟಗ ನಿಲ್ಲು, ಛಲೋ ಕಾಣಸ್ತಿ," ಎಂದರು.

ಅವರು ನನ್ನ ಸ್ವಂತ ಕಾಕಾ ಅಲ್ಲ, ಓಣಿಗೆಲ್ಲ ಕಾಕಾ. ನಮ್ಮ ಕಡೆಯವರೇ, ಧಾರವಾಡದ ಆಚೆ ಈಚೆಯವರು. ಪುಣೆಯಲ್ಲೇ ಬೆಳೆದವರು. ಬಹಳ ವರ್ಷ ಚಿಂಚವಡದ ಒಂದು ಕಾರ್ಖಾನೆಯಲ್ಲಿ ಜಪಾನೀ ಯಂತ್ರಗಳ ಜೊತೆ ಬರುವ ಪುಸ್ತಕಗಳನ್ನು ಇಂಗ್ಲಿಷಿಗೂ ಮರಾಠಿಗೂ ತಿರುಗಿಸುವ ಕೆಲಸ ಮಾಡಿದರು. ಐವತ್ತು ದಾಟುತ್ತಲೇ ನೌಕರಿ ಬಿಟ್ಟು ನಮ್ಮ ಸಮಿತಿಯ ಕಾರ್ಯದರ್ಶಿಯಾದರು. ನಾನು ಆ ಸಮಿತಿಯ ಟೈಪಿಸ್ಟ್. ವಿಜಾಪುರದಿಂದ ಮದುವೆಯಾಗಿ ಬಂದು, ಟಿಳಕ ರಸ್ತೆಯ ಹಿಂದಿನ ಎರಡು ಕೋಣೆಯ ಆ ಕಚೇರಿಯಲ್ಲಿ ಕೂತು ಕೂತೇ ಮುದುಕಿಯಾದೆ.

ಸಮಿತಿಯ ಕೆಲಸ ಇಷ್ಟೇ. ಜಪಾನಿನ ಒಂದು ಊರು ಮತ್ತು ನಮ್ಮ ಪುಣೆ ಅಕ್ಕತಂಗಿಯರು ಎಂದು ದೊಡ್ಡವರು ಕಾಗದದ ಮೇಲೆ ಸಹಿ ಹಾಕಿದ್ದರು. ಮರಾಠಿಯಲ್ಲಿ ಭಗಿನಿ ಶಹರ ಎನ್ನುತ್ತಾರೆ. ಪ್ರತಿ ವರ್ಷ ಚಳಿಗಾಲದಲ್ಲಿ ಆ ಊರಿನ ಹದಿನೈದಿಪ್ಪತ್ತು ಜನ ಬರುತ್ತಿದ್ದರು. ಹೋಟೆಲಿನಲ್ಲಿ ಅಲ್ಲ, ಮೂರು ದಿನ ಇಲ್ಲಿನವರ ಮನೆಗಳಲ್ಲೇ ಇರುತ್ತಿದ್ದರು. ಬೇಸಿಗೆಯಲ್ಲಿ ಇಲ್ಲಿನವರು ಅಲ್ಲಿಗೆ. ಮಕ್ಕಳು ಕಾಗದ ಬರೆಯುತ್ತಿದ್ದರು, ಎರಡೂ ಊರಿನ ತೋಟಗಾರರು ಬೀಜ ಕೊಟ್ಟು ತೆಗೆದುಕೊಳ್ಳುತ್ತಿದ್ದರು. ಕೊನೆಯ ದಿನ ಎಲ್ಲರನ್ನೂ ಬಸ್ಸಿನಲ್ಲಿ ಲೋಣಾವಳಕ್ಕೆ ಕರೆದುಕೊಂಡು ಹೋಗಿ ಚಿಕ್ಕಿ ಕೊಡಿಸಿ ಕಳಿಸುವುದು.

ಮೊದಲ ದಿನ ಒಂದು ಸಭೆ ಇರುತ್ತಿತ್ತು. ಆ ಕಡೆಯ ಮುಖ್ಯಸ್ಥರು ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದರು: ಯುದ್ಧದಲ್ಲಿ ನಮ್ಮ ಊರು ಸುಟ್ಟು ಬೂದಿಯಾಯಿತು, ಆಮೇಲೆ ನಾವು ಯಾರ ಜೊತೆ ಹೋರಾಡಿದ್ದೆವೋ ಅವರ ಊರುಗಳನ್ನೇ ಹುಡುಕಿ ಸ್ನೇಹ ಮಾಡಿದೆವು, ಶಾಂತಿ ಮನೆಯಿಂದ ಮನೆಗೆ ಹೋಗಬೇಕು. ಕಾಕಾ ಅದನ್ನು ಮರಾಠಿಗೆ ತಿರುಗಿಸಿ ಹೇಳುತ್ತಿದ್ದರು. ಹಿಂದಿನ ಸಾಲಿನಲ್ಲಿ ಕೂತ ನನಗೆ ನಗು. ಅಮೆರಿಕದವರ ಜೊತೆ ಹೊಡೆದಾಡಿದ್ದರು, ಸರಿ. ಚೀನಾದವರ ಜೊತೆ, ಅದೂ ಸರಿ. ನಮ್ಮ ಜೊತೆ ಇವರದೇನು ಜಗಳ? ಒಂದು ಸಲ ಕಾಕಾನನ್ನು ಕೇಳಿಯೇಬಿಟ್ಟೆ. ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿಕೊಂಡು, "ಅವಾಗ ನಮ್ಮ ಮಂದಿ ಇಂಗ್ಲಿಷರ ಫೌಜಿನ್ಯಾಗ ಇದ್ರಲ್ರಿ. ಕೆಲವು ಮನೀಗೆ ಗೊತ್ತಿರತದ," ಎಂದರು. ಅಷ್ಟೇ. ನಾನೂ ಮುಂದೆ ಕೇಳಲಿಲ್ಲ. ಊಟದ ಕೂಪನ್ ಹಂಚುವ ಗಡಿಬಿಡಿಯಲ್ಲಿದ್ದೆ.

ಮನೆ ಆರಿಸುವುದರಲ್ಲಿ ಕಾಕಾನದೊಂದು ಕ್ರಮ ಇತ್ತು. ಅತಿಥಿಯನ್ನು ಇಟ್ಟುಕೊಳ್ಳುತ್ತೇವೆ ಎಂದು ಯಾರಾದರೂ ಹೆಸರು ಕೊಟ್ಟರೆ, ಇವರು ಒಂದು ದಿನ ಆ ಮನೆಗೆ ಹೋಗಿ ಉಂಡು ಬರುತ್ತಿದ್ದರು. ಊಟ ಒಂದು ನೆಪ. ಉಂಡಾದ ಮೇಲೆ ಆ ಮನೆಯ ಅತಿ ಹಿರಿಯರು ಎಲ್ಲಿದ್ದಾರೆ ಎಂದು ಕೇಳಿ, ಅವರ ಪಕ್ಕಕ್ಕೆ ಹೋಗಿ ಕೂಡುತ್ತಿದ್ದರು. ಪರದೇಶದವರು ಮೂರು ದಿನ ಇರುತ್ತಾರೆ, ನಿಮಗೆ ನಡೆಯುತ್ತದೆಯೇ ಎಂದು ಅವರನ್ನೇ ಕೇಳುತ್ತಿದ್ದರು. ಮಗ ಹೂಂ ಎಂದರೆ ಸಾಲದು, ಸೊಸೆ ಹೂಂ ಎಂದರೆ ಸಾಲದು. ಆ ಹಿರಿಯರು ಬಾಯಿಬಿಟ್ಟು ಹೂಂ ಎನ್ನಬೇಕು, ಆಗ ಮಾತ್ರ ಯಾದಿಯಲ್ಲಿ ಆ ಮನೆ.

ಒಂದು ವರ್ಷ ಸಮಿತಿಯ ಅಧ್ಯಕ್ಷರ ಬೀಗರ ಬಂಗಲೆಯನ್ನೇ ಯಾದಿಯಿಂದ ಹೊಡೆದುಹಾಕಿದರು. ಮೂರು ಮಹಡಿ, ಬಾಗಿಲಲ್ಲಿ ಪಹರೆಯವನು, ಅತಿಥಿಗೆ ಬೇರೆ ಸ್ನಾನದ ಕೋಣೆ. ಹಿಂದಿನ ಖೋಲಿಯಲ್ಲಿ ಒಬ್ಬ ಅಜ್ಜಿ ಜಪಮಾಲೆ ಹಿಡಿದು ಕೂತಿದ್ದಳಂತೆ. ಇವರು ಕೇಳಿದ್ದಕ್ಕೆ, ಹತ್ತು ವರ್ಷದಿಂದ ಈ ಮನೆಯಲ್ಲಿ ನನ್ನನ್ನು ಯಾರೂ ಏನೂ ಕೇಳಿಲ್ಲ, ನೀನೇಕೆ ಕೇಳುತ್ತೀ ಎಂದಳಂತೆ. ಅಧ್ಯಕ್ಷರು ಕಚೇರಿಗೆ ಬಂದು ಹಾರಾಡಿದರು. ಕಾಕಾ ಮೆಲ್ಲಗೆ, "ಮನೀ ದೊಡ್ಡದದ ಸಾಹೇಬ್ರ. ಆದ್ರ ಅಲ್ಲಿ ಇದ್ದೋರನ್ನ ಯಾರೂ ಕೇಳಂಗಿಲ್ಲ, ಇನ್ನ ಬಂದೋರನ್ನ ಏನ ಕೇಳ್ತಾರು?" ಎಂದರು. ಆ ಮನೆ ಯಾದಿಗೆ ಬರಲಿಲ್ಲ. ಅಧ್ಯಕ್ಷರು ಒಂದು ತಿಂಗಳು ನಮ್ಮ ಕಚೇರಿಯ ಚಹಾ ಕುಡಿಯಲಿಲ್ಲ.

ನಾನು ಬಾಯಿ ಜೋರು. ಫೋನಿನಲ್ಲಿ ಯಾರ ಮೇಲಾದರೂ ಏರಿ ಹೋಗುತ್ತಿದ್ದರೆ ಕಾಕಾ ಪಕ್ಕದ ಮೇಜಿನಿಂದ, "ಶಾಂತಾಬಾಯಿ, ಮದ್ಲ ಮಷೀನ್ ಬಂದ್ ಮಾಡ್ರಿ, ಆಮ್ಯಾಲ ಕೈ ಹಾಕ್ರಿ," ಎನ್ನುತ್ತಿದ್ದರು. ಅವರು ತಿರುಗಿಸಿದ ಯಂತ್ರದ ಪುಸ್ತಕಗಳಲ್ಲೆಲ್ಲ ಮೊದಲ ಸಾಲು ಅದೇ ಅಂತೆ. ಆ ಮಾತಿನಿಂದ ನನಗೆ ಸಿಟ್ಟು ಇನ್ನಷ್ಟು ಏರುತ್ತಿತ್ತು, ಫೋನ್ ಮಾತ್ರ ಇಡುತ್ತಿದ್ದೆ.

ಅತಿಥಿಗಳಿಗೆ ಕಳಿಸುವ ಸೂಚನೆಯ ಕಾಗದ ಒಂದಿತ್ತು. ಕುದಿಸಿದ ನೀರು ಕುಡಿಯಿರಿ, ಬಲಗೈಯಿಂದ ಉಣ್ಣಿ, ಹೀಗೆ. ಅದರಲ್ಲಿ ಒಂದು ಸಾಲು: ಇಲ್ಲಿ ಬಾಗುವ ಪದ್ಧತಿ ಇಲ್ಲ, ಕೈ ಜೋಡಿಸಿದರೆ ಸಾಕು. ಪ್ರತಿ ವರ್ಷ ಅದನ್ನು ಟೈಪ್ ಮಾಡುವಾಗ ನನಗೂ ಕಾಕಾನಿಗೂ ವಾದ. ಅಡ್ಡಬಿದ್ದು ನಮಸ್ಕಾರ ಮಾಡುವ ದೇಶ ನಮ್ಮದು, ದೇವರಿಗೆ, ಗುರುವಿಗೆ, ಅತ್ತೆಗೆ, ಕಡೆಗೆ ಶಾಸಕನಿಗೂ ಬೀಳುತ್ತೇವೆ, ಬಾಗುವ ಪದ್ಧತಿ ಇಲ್ಲ ಎಂದು ಹೇಗೆ ಬರೆಯುತ್ತೀರಿ ಎನ್ನುತ್ತಿದ್ದೆ. "ಟೈಪ್ ಮಾಡ್ರಿ," ಎನ್ನುತ್ತಿದ್ದರು. ಇಲ್ಲಿಗೆ ಬಂದ ಮೇಲೆ ಮತ್ತೊಮ್ಮೆ ಎಲ್ಲರನ್ನೂ ನಿಲ್ಲಿಸಿ ಕೈ ಜೋಡಿಸುವುದನ್ನು ಕಲಿಸುತ್ತಿದ್ದರು. ಹುಟ್ಟಿದಾಗಿನಿಂದ ಬಾಗುತ್ತಾ ಬಂದ ಆ ಜನ ಪಾಪ ಕೈ ಜೋಡಿಸಿಕೊಂಡು, ಅರ್ಧ ಬಾಗಿ, ತಕ್ಷಣ ನೆನಪಾಗಿ ನೆಟ್ಟಗಾಗುತ್ತಿದ್ದರು.

ಇಷ್ಟೆಲ್ಲ ಮಾಡುವ ಮನುಷ್ಯ ತನ್ನ ಸ್ವಂತ ಮನೆಯಲ್ಲಿ ಒಬ್ಬ ಅತಿಥಿಯನ್ನೂ ಇಟ್ಟುಕೊಂಡಿರಲಿಲ್ಲ. ಬಿಬವೇವಾಡಿಯಲ್ಲಿ ಅಂಗಳವಿದ್ದ ಸ್ವಂತ ಮನೆ. ಕಾಕಾ, ಅವರ ಹೆಂಡತಿ ಕಾಕು, ಎಂಬತ್ತು ದಾಟಿದ ಕಾಕಾನ ತಂದೆ, ಮೂರೇ ಜನ. ಒಂದು ಖೋಲಿ ಖಾಲಿ. ಕಾಕು ಅಂದರೆ ಉಪಚಾರಕ್ಕೆ ಎತ್ತಿದ ಕೈ, ನಾನು ಯಾವಾಗ ಹೋದರೂ "ಉಂಡ ಹೋಗು" ಎನ್ನದೆ ಬಿಟ್ಟವರಲ್ಲ. ಆದರೂ ಯಾದಿಯಲ್ಲಿ ಆ ಮನೆ ಇಲ್ಲ. ನನಗೆ ಕಾರಣ ಗೊತ್ತು ಎಂದುಕೊಂಡಿದ್ದೆ. ಮೀನು ತಿನ್ನುವವರು ಅಡುಗೆಮನೆಯ ತನಕ ಬಂದರೆ ಮಡಿ ಕೆಡುತ್ತದೆ, ಊರವರ ಮನೆಗೆ ಶಾಂತಿ, ತಮ್ಮ ಮನೆಗೆ ಮಡಿ. ಹೊರಗೆ ಎಷ್ಟು ಒಳ್ಳೆಯವರಾದರೂ ಒಳಗೆ ಎಲ್ಲರೂ ಅಷ್ಟೇ ಎಂದು ನಾನು ಮನಸ್ಸಿನಲ್ಲೇ ತೀರ್ಪು ಕೊಟ್ಟು ಕೂತಿದ್ದೆ.

ಹದಿನೆಂಟು ವರ್ಷದ ಹಿಂದಿನ ಮಾತು. ಅತಿಥಿಗಳು ಬಂದ ದಿನ ಮಧ್ಯಾಹ್ನ ಕೋಥರೂಡದ ಒಂದು ಮನೆಯಿಂದ ಫೋನ್ ಬಂತು. ಅವರ ದಾಯಾದಿಗಳಲ್ಲಿ ಯಾರೋ ತೀರಿಕೊಂಡು ಸೂತಕ ಬಂದಿದೆ, ಅತಿಥಿಯನ್ನು ಕರೆದುಕೊಳ್ಳಲು ಆಗುವುದಿಲ್ಲ. ಆ ಮನೆಗೆ ಹೋಗಬೇಕಾಗಿದ್ದವರು ಫುಮಿಕೊ ಎಂಬ ಹೆಂಗಸು. ಆ ಊರಿನ ಉದ್ಯಾನಗಳಲ್ಲಿ ಗಿಡ ಕತ್ತರಿಸುವ ಕೆಲಸ, ಐವತ್ತೈದರ ಆಸುಪಾಸು, ತುಂಡು ಇಂಗ್ಲಿಷ್, ಕೈತುಂಬ ಹಳೆಯ ಗಾಯದ ಗುರುತುಗಳು. ತಮ್ಮ ಪೆಟ್ಟಿಗೆಯ ಮೇಲೆ ಕೂತು ಕಾಯುತ್ತಿದ್ದರು. ಕಾಕಾ ಉಳಿದವರನ್ನು ಅವರವರ ಮನೆಗೆ ಬಿಡಲು ಹೋಗಿದ್ದರು. ಬೇರೆ ಒಂದೆರಡು ಮನೆಗಳಿಗೆ ಫೋನ್ ಮಾಡಬಹುದಿತ್ತು. ನನಗೆ ಆಗ ಆ ದುರ್ಬುದ್ಧಿ ಬಂತು. ಇವತ್ತು ನೋಡೇಬಿಡೋಣ, ಇವರ ಮಡಿ ಎಷ್ಟಿದೆ.

ಕಾಕುವಿಗೆ ಫೋನ್ ಮಾಡಿ, ಒಬ್ಬರನ್ನು ನಿಮ್ಮ ಮನೆಗೆ ಕರೆದುಕೊಂಡು ಬರುತ್ತೇನೆ ಎಂದೆ. ಕಾಕು, "ನಮ್ಮ ಮನಿಯವರು ಹೂಂ ಅಂದಾರೇನ?" ಎಂದು ಕೇಳಿದರು.

"ಅಂದಾರ್ರಿ, ಕಾಕು," ಎಂದೆ.

ಎಷ್ಟು ಸಲೀಸಾಗಿ ಬಂತು ಆ ಸುಳ್ಳು. ಗೋಡೆಯ ಮೇಲಿನ ಯಾದಿಯಲ್ಲಿ ಕೋಥರೂಡದ ಹೆಸರು ಹೊಡೆದು ಕಾಕಾನ ಹೆಸರು ಬರೆದೆ, ಅಕ್ಷರ ಸ್ವಲ್ಪ ದೊಡ್ಡದಾಗಿಯೇ. ಫುಮಿಕೊಳನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಹೊರಟೆ.

ನಾವೆಲ್ಲ ಅಜ್ಜ ಎನ್ನುತ್ತಿದ್ದ ಕಾಕಾನ ತಂದೆ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಅವರನ್ನು ನಾನು ಎಷ್ಟೋ ಸಲ ನೋಡಿದ್ದೆ. ಮಾತು ಕಡಿಮೆ. ಹಿಂದೆ ಖಡಕಿಯ ಕಡೆ ಯಾವುದೋ ಕಾರ್ಖಾನೆಯಲ್ಲಿದ್ದರು ಎಂದಷ್ಟೇ ಗೊತ್ತು. ಫುಮಿಕೊ ಬೂಟು ಬಿಚ್ಚಿ, ಅವುಗಳ ಮೂತಿಯನ್ನು ಹೊರಗೆ ತಿರುಗಿಸಿ ಓರಣವಾಗಿಟ್ಟು ಒಳಗೆ ಬಂದರು. ಎದುರಿಗೆ ಹಿರಿಯರು. ಮನೆ ಬದಲಾದ ಗಾಬರಿಯಲ್ಲಿ ಕಾಕಾ ಕಲಿಸಿದ ಕೈ ಜೋಡಿಸುವುದು ಮರೆತುಹೋಯಿತೋ ಏನೋ, ತಮ್ಮ ಊರಿನ ರೀತಿಯಲ್ಲೇ ಸೊಂಟದಿಂದ ಪೂರ್ತಿ ಬಾಗಿಬಿಟ್ಟರು.

ಅಜ್ಜ ಎದ್ದರು. ಕೋಲಿಲ್ಲದೆ ನಾಲ್ಕು ಹೆಜ್ಜೆ ಇಡಲಾಗದ ಮನುಷ್ಯ ಕೋಲು ಮುಟ್ಟದೆ ಎದ್ದು, ಹಿಮ್ಮಡಿಗೆ ಹಿಮ್ಮಡಿ ಕೂಡಿಸಿ, ಎರಡೂ ಕೈಗಳನ್ನು ತೊಡೆಗೆ ಅಂಟಿಸಿ ಬಾಗಿದರು. ಕಣ್ಣು ನೆಲದಲ್ಲಿ. ಫುಮಿಕೊ ತಲೆ ಎತ್ತಬೇಕೆಂದವರು ಹಿರಿಯರು ಇನ್ನೂ ಬಾಗಿರುವುದನ್ನು ಕಂಡು ಮತ್ತಷ್ಟು ಕೆಳಗೆ ಬಾಗಿದರು. ಹಿರಿಯರಿಗಿಂತ ಮೊದಲು ಏಳುವುದು ಅವರಲ್ಲಿ ಮರ್ಯಾದೆಯಲ್ಲ. ಅಜ್ಜ ಏಳಲಿಲ್ಲ. ಇವರೂ ಏಳಲಿಲ್ಲ.

ನಾನು ನಕ್ಕೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಕ್ಕದ್ದು ನಿಜ. ಮಡಿ ಮಾಡುವವರು ಎಂದುಕೊಂಡರೆ ಅಜ್ಜ ಜಪಾನಿನವರಿಗಿಂತ ಜೋರಾಗಿದ್ದಾರಲ್ಲ ಎಂದು. ಅಷ್ಟರಲ್ಲಿ ಅಜ್ಜನ ಮೀನಖಂಡ ನಡುಗುವುದು ಕಂಡಿತು. ಮೂಗಿನ ತುದಿಯಿಂದ ಬೆವರು ನೆಲಕ್ಕೆ ಬೀಳುತ್ತಿತ್ತು. ತಂಬಿಗೆಯಲ್ಲಿ ನೀರು ತಂದ ಕಾಕು ಬಾಗಿಲಲ್ಲೇ ನಿಂತರು. "ಮಾವನೋರ, ಏಳ್ರಿ," ಎಂದರು. ಅಜ್ಜನಿಗೆ ಅದು ಕೇಳಿಸಲಿಲ್ಲ. ಕಾಕು ನನ್ನನ್ನು ನೋಡಿದರು. ಆ ನೋಟ ಮರೆಯಬೇಕೆಂದರೂ ಮರೆಯಲಾಗಿಲ್ಲ.

ಹೊರಗೆ ಸ್ಕೂಟರ್ ನಿಂತಿತು. ಕಚೇರಿಗೆ ಮರಳಿ ಯಾದಿಯಲ್ಲಿ ತಮ್ಮ ಹೆಸರು ನೋಡಿದ ಕಾಕಾ ನಮ್ಮ ಬೆನ್ನ ಹಿಂದೆಯೇ ಬಂದಿದ್ದರು. ಒಳಗೆ ಬಂದವರು ನನಗೇನೂ ಅನ್ನಲಿಲ್ಲ. ಫುಮಿಕೊಳಿಗೆ ಜಪಾನಿಯಲ್ಲಿ ಏನೋ ಹೇಳಿದರು, ಅವರು ಎದ್ದರು. ಆಮೇಲೆ ತಂದೆಯ ಕಿವಿಯ ಹತ್ತಿರ ಹೋಗಿ, "ಅಪ್ಪಾ, ಇದು ನಮ್ಮ ಮನೀ. ಏಳ್ರಿ," ಎಂದರು. ಭುಜಕ್ಕೆ ಕೈ ಹಾಕಿದರು. ಊರವರನ್ನೆಲ್ಲ ಎತ್ತಿದ ಆ ಕೈಗಳಿಗೆ ಅಪ್ಪನನ್ನು ಎತ್ತಲು ಆಗಲಿಲ್ಲ. ಅಜ್ಜನ ಮೈ ಕಂಬದ ಹಾಗೆ ಬಿಗಿದಿತ್ತು.

ಕಾಕಾ ಮತ್ತೆ ಫುಮಿಕೊಳ ಕಡೆ ತಿರುಗಿ ಏನೋ ಬೇಡಿಕೊಂಡರು. ಅವರು ಕೈಯಾಡಿಸಿ ಆಗುವುದಿಲ್ಲ ಎಂದರು. ಕಾಕಾ ಇನ್ನೊಮ್ಮೆ ಕೇಳಿದರು. ಆಗ ಅವರು ಅಜ್ಜನ ಮುಂದೆ ನೆಲದ ಮೇಲೆ ಮೊಣಕಾಲೂರಿ ಕೂತರು, ಬಾಗಿದ ಆ ಮುಖಕ್ಕಿಂತ ಕೆಳಗೆ ತಮ್ಮ ಮುಖ ಬರುವಷ್ಟು ತಗ್ಗಿ. ಜ್ವರ ಬಂದವರಿಗೆ ಔಷಧ ತೆಗೆದುಕೊಳ್ಳಿ ಎನ್ನುವ ದನಿಯಲ್ಲಿ ಒಂದು ಮಾತು ಹೇಳಿದರು. "ನಾವೊರೆ."

ಅಜ್ಜ ಒಂದು ಉಸಿರು ಬಿಟ್ಟರು. ಸೊಂಟ, ಆಮೇಲೆ ಬೆನ್ನು, ಆಮೇಲೆ ಕುತ್ತಿಗೆ, ಒಂದೊಂದಾಗಿ ನೆಟ್ಟಗಾದವು. ಕುರ್ಚಿಗೆ ಕೂತರು. ಎದುರಿಗೆ ನೆಲದ ಮೇಲಿದ್ದ ಹೆಂಗಸನ್ನು ಬಹಳ ಹೊತ್ತು ನೋಡಿ ಮಗನಿಗೆ, "ಆಕಿದು ಊಟಾ ಆಗೇದೇನ, ಕೇಳು," ಎಂದರು. ಅಷ್ಟು ಹೇಳಿ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದವರು ಮರುದಿನದವರೆಗೆ ಹೊರಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ರಾಜೀನಾಮೆ ಟೈಪ್ ಮಾಡಿಕೊಂಡು ಕಾಕಾನ ಮೇಜಿನ ಮುಂದೆ ನಿಂತೆ. ಕಾಗದ ಇಟ್ಟು, ಕಾಲಿಗೆ ಬೀಳಲು ಬಾಗಿದೆ. ಭುಜ ಹಿಡಿದು ಎತ್ತಿದರು. "ಬ್ಯಾಡ್ರಿ, ಶಾಂತಾಬಾಯಿ. ಕೂಡ್ರಿ," ಎಂದರು. ಎಷ್ಟೋ ವರ್ಷ ಯಾರಿಗೂ ಹೇಳದ್ದನ್ನು ಅವತ್ತು ಹೇಳಿದರು.

ಅಜ್ಜ ಪ್ರಾಯದಲ್ಲಿ ಇಂಗ್ಲಿಷರ ಸೈನ್ಯ ಸೇರಿದ್ದರು. ಪೂರ್ವದ ಕಡೆ ಯುದ್ಧಕ್ಕೆ ಹೋಗಿ ಜಪಾನೀಯರ ಸೆರೆ ಸಿಕ್ಕರು. ಸೆರೆಯ ಬಯಲಿನಲ್ಲಿ ಯಾವ ಪಹರೆಯವನು ಎದುರಾದರೂ ಬಾಗಬೇಕು. ಬಾಗುವುದಕ್ಕೆ ಒಂದು ಅಪ್ಪಣೆ, ಏಳುವುದಕ್ಕೆ ಇನ್ನೊಂದು. ಎರಡನೆಯದು ಬರುವ ತನಕ ಎದ್ದರೆ ಹೊಡೆತ. ಕೆಲವು ಸಲ ಎರಡನೆಯದು ಬರುತ್ತಲೇ ಇರಲಿಲ್ಲ, ಬಿಸಿಲು ಏರಿ ಇಳಿಯುವ ತನಕ. ಇದನ್ನೆಲ್ಲ ಅಜ್ಜ ಮನೆಯಲ್ಲಿ ಒಂದು ದಿನವೂ ಹೇಳಿಲ್ಲ. ರವಿವಾರ ಮಧ್ಯಾಹ್ನ ಉಂಡು ಮಲಗಿದಾಗ ನಿದ್ದೆಯಲ್ಲಿ ಒಂದು ಅರ್ಥವಾಗದ ಪದ ಕೂಗಿ ಬೆವರುತ್ತಿದ್ದರಂತೆ. ಮಗ ಕೇಳಿದರೆ ಸುಮ್ಮನಿರುತ್ತಿದ್ದರು. ಕಾಲೇಜು ಮುಗಿಸಿದ ಮಗ ಆ ಪದವನ್ನು ಹಿಡಿದುಕೊಂಡು ಪುಣೆಯ ಒಂದು ಜಪಾನೀ ಭಾಷೆಯ ಸಂಜೆ ವರ್ಗಕ್ಕೆ ಹೋದರು. ಮೊದಲ ದಿನವೇ ಅದರ ಅರ್ಥ ಕೇಳಿದರು. ಅದು ಬಾಗು ಎನ್ನುವ ಅಪ್ಪಣೆ, ಅದಾದ ಮೇಲೆ ನಾವೊರೆ ಎನ್ನುತ್ತಾರೆ, ನೆಟ್ಟಗಾಗು ಎಂದು, ಅಂದರು ಕಲಿಸುವವರು. ಇದನ್ನು ಎಲ್ಲಿ ಕೇಳಿದಿರಿ ಎಂದದ್ದಕ್ಕೆ, ನಮ್ಮ ಮನೆಯಲ್ಲಿ ಎಂದರಂತೆ ಕಾಕಾ.

"ಆ ಎರಡನೇದ್ದು ಅಪ್ಪನ ಬಾಯಾಗ ಒಮ್ಮೆನೂ ಬಂದಿರಲಿಲ್ಲ. ನಾನೂ ಹೇಳಿ ನೋಡಬಹುದಿತ್ತು. ನಮ್ಮ ಬಾಯಿಂದ ಬಂದ್ರ ಏನ ಉಪಯೋಗ ಅನಸ್ತಿತ್ತು," ಎಂದರು. ಮತ್ತೆ, "ತಪ್ಪು ನಿಮ್ಮದೊಂದ ಅಲ್ರಿ. ಊರ ಮಂದಿ ಮನೀ ಮನೀಗೆ ಹೋಗಿ ಹಿರಿಯರನ್ನ ಕೇಳ್ದೆ. ನಮ್ಮಪ್ಪನ್ನ ಒಮ್ಮೆನೂ ಕೇಳಲಿಲ್ಲ. ಬ್ಯಾಡ ಅಂದ್ರ ಈ ಕೆಲಸಾನ ಬಿಡಬೇಕಾಗ್ತದ ಅಂತ ಹೆದರಿದ್ದೆ," ಎಂದರು. ನನ್ನ ರಾಜೀನಾಮೆಯನ್ನು ಮಡಿಚಿ ಅಲುಗುತ್ತಿದ್ದ ಮೇಜಿನ ಕಾಲಿನ ಕೆಳಗೆ ಇಟ್ಟರು. ನಾನು ಅಳುತ್ತಾ ಕೂತೆ. ಟೈಪ್ ಮಾಡುವ ಯಾದಿ ಬೇಕಾದಷ್ಟಿತ್ತು, ಅಳುತ್ತಲೇ ಮಾಡಿದೆ.

ಫುಮಿಕೊಳನ್ನು ಬೇರೆ ಮನೆಗೆ ಕಳಿಸುವ ಮಾತು ಬಂದಾಗ ಅಜ್ಜನೇ ಬೇಡ ಎಂದರಂತೆ. ಮನೆಗೆ ಬಂದವರನ್ನು ಎಬ್ಬಿಸಬಾರದು ಎಂದು. ಹಾಗೆಂದು ಆ ಮೂರು ದಿನ ಅಜ್ಜ ಅವರ ಜೊತೆ ನಕ್ಕು ಮಾತಾಡಿದರು ಎಂದಲ್ಲ. ಬೇರೆ ಹೊತ್ತಿನಲ್ಲಿ ಉಣ್ಣುತ್ತಿದ್ದರು, ಅವರು ಪಡಸಾಲೆಗೆ ಬಂದರೆ ಒಳಗೆ ಹೋಗುತ್ತಿದ್ದರು. ಎರಡನೆಯ ದಿನ ಫುಮಿಕೊ ಅಂಗಳದ ದಾಸವಾಳ ಗಿಡವನ್ನು ಕತ್ತರಿಸುತ್ತಿದ್ದಾಗ ಮಾತ್ರ ಕಿಟಕಿಯಲ್ಲಿ ನಿಂತು ಪೂರ್ತಿ ನೋಡಿದರು ಎಂದು ಕಾಕಾ ಹೇಳಿದರು. ಆ ಗಿಡ ವರ್ಷಗಟ್ಟಲೆ ಹೂ ಬಿಟ್ಟಿರಲಿಲ್ಲ.

ಹೊರಡುವ ಬೆಳಿಗ್ಗೆ ಅವರನ್ನು ಕರೆದೊಯ್ಯಲು ನಾನೇ ರಿಕ್ಷಾ ತೆಗೆದುಕೊಂಡು ಹೋದೆ. ಫುಮಿಕೊ ಅಂಗಳದಲ್ಲಿ ಅಜ್ಜನ ಮುಂದೆ ಕೈ ಜೋಡಿಸಿ ನಿಂತಿದ್ದರು, ಈ ಸಲ ಮರೆಯದೆ. ಅಜ್ಜ ಕೋಲೂರಿಕೊಂಡು, ಮಗನ ಮುಖ ನೋಡದೆ, ಇದನ್ನು ಆಕೆಗೆ ಹೇಳು ಎಂದು ಶುರು ಮಾಡಿದರು. ಬಾಗಲಕೋಟೆ ಕಡೆಯ ಗೆಳೆಯನೊಬ್ಬನಿದ್ದ. ಒಂದು ದಿನ ಇಬ್ಬರೂ ಅಕ್ಕಪಕ್ಕ ಬಾಗಿದ್ದರು. ಬಿಸಿಲಿತ್ತು. ಅವನು ಬಾಗಿದಲ್ಲೇ ಬಿದ್ದ, ಮತ್ತೆ ಏಳಲಿಲ್ಲ. ಇಷ್ಟೇ. "ಅವಗ ಯಾರೂ ಏಳಂತ ಹೇಳಲಿಲ್ಲ," ಎಂದರು ಅಜ್ಜ. ಕಾಕಾ ಒಂದೊಂದೇ ವಾಕ್ಯ ಜಪಾನಿಗೆ ತಿರುಗಿಸಿದರು. ಯಂತ್ರದ ಪುಸ್ತಕ ತಿರುಗಿಸುತ್ತಿದ್ದ ಮನುಷ್ಯ, ಅವತ್ತು ಎರಡು ಸಲ ತಡವರಿಸಿದರು.

ಫುಮಿಕೊ ಖಾಲಿ ಅಂಗಳದ ಕಡೆ ತಿರುಗಿ, ಅಲ್ಲಿ ಯಾರೋ ಇದ್ದಾರೆ ಎನ್ನುವ ಹಾಗೆ, ಬಾಗಿದರು. ಏಳಲಿಲ್ಲ. ರಿಕ್ಷಾದವನು ಹಾರ್ನ್ ಹೊಡೆದ. ಮಷೀನ್ ಬಂದ್ ಮಾಡು ಎಂದು ನಾನು ಅವನಿಗೆ ಗದರಿದೆ. ಅವರ ಬೆನ್ನು ಅಲುಗುತ್ತಿತ್ತು, ಅಳುತ್ತಿದ್ದರು ಎಂದು ಕಾಣುತ್ತದೆ. ಕಾಕಾ ಒಂದು ಹೆಜ್ಜೆ ಮುಂದಿಟ್ಟರು, ಅಜ್ಜ ಕೋಲು ಅಡ್ಡ ಹಿಡಿದು ತಡೆದರು. ತಾವೇ ಹೋಗಿ ಅವರ ಪಕ್ಕದಲ್ಲಿ ನಿಂತು, ಎಂಬತ್ತು ದಾಟಿದ ಒಡಕು ದನಿಯಲ್ಲಿ ಹೇಳಿದರು: "ನಾವೊರೆ." ಫುಮಿಕೊ ಎದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅಜ್ಜ ಕೋಲಿನಿಂದ ರಿಕ್ಷಾದ ಕಡೆ ತೋರಿಸಿದರು, ತಡವಾಗುತ್ತದೆ ಹೊರಡು ಎಂದು.

ಅದಾದ ಮೇಲೆ ಸಭೆಗಳಲ್ಲಿ ಶಾಂತಿ ಎನ್ನುವ ಪದ ಬಂದಾಗ ನಾನು ನಗುವುದನ್ನು ಬಿಟ್ಟೆ. ಊರೂರುಗಳ ಸಹಿಯಿಂದ ಏನಾಗುತ್ತದೋ ನನಗೆ ಗೊತ್ತಿಲ್ಲ. ಒಂದು ಅಂಗಳದಲ್ಲಿ ಏನಾಯಿತು ಎಂಬುದನ್ನು ಕಣ್ಣಾರೆ ಕಂಡೆ. ಮುಂದಿನ ವರ್ಷದಿಂದ ಯಾದಿಯಲ್ಲಿ ಕಾಕಾನ ಮನೆ ಬಂತು. ಆ ಮನೆಯ ಹಿರಿಯರನ್ನು ಕಾಕಾ ಕ್ರಮವಾಗಿಯೇ ಕೇಳಿದರಂತೆ, ಉಂಡಾದ ಮೇಲೆ, ಪಕ್ಕದಲ್ಲಿ ಕೂತು. ಅಜ್ಜ ಹೂಂ ಎಂದರಂತೆ. ಅವರು ಇನ್ನೂ ಎರಡು ವರ್ಷ ಇದ್ದರು. ರವಿವಾರದ ನಿದ್ದೆಯ ಕೂಗು ಪೂರ್ತಿ ನಿಂತಿತೇ ಎಂದು ಒಮ್ಮೆ ಕೇಳಿದೆ. ಇಲ್ಲ, ಕಡಿಮೆಯಾಗಿದೆ ಎಂದರು ಕಾಕಾ. ಆ ಪದ ಮನೆಯಲ್ಲಿ ಉಳಿದುಕೊಂಡಿತು. ಮುಂದೆ ಕಾಕಾನಿಗೇ ಬೆನ್ನುನೋವು ಹತ್ತಿ ಚಪ್ಪಲಿ ಹಾಕಲು ಬಗ್ಗಿದವರು ಏಳಲಾರದೆ ನಿಂತರೆ, ಕಾಕು ಒಳಗಿನಿಂದಲೇ "ನಾವೊರೆ" ಎನ್ನುತ್ತಿದ್ದರು, ಅವರು ನಗುತ್ತಾ ಏಳುತ್ತಿದ್ದರು.

ಕಾಕಾ ನನ್ನ ತಪ್ಪನ್ನು ಮತ್ತೆ ಎತ್ತಲೇ ಇಲ್ಲ. ಕಾಕು ಕೂಡ ಮಾತು ಬಿಡಲಿಲ್ಲ. ಹೋದರೆ ಚಹಾ ಕೊಡುತ್ತಿದ್ದರು, ಮಕ್ಕಳ ಬಗ್ಗೆ ವಿಚಾರಿಸುತ್ತಿದ್ದರು. ಆದರೆ ಆ ದಿನದಿಂದ "ಉಂಡ ಹೋಗು" ಎನ್ನುವುದನ್ನು ನಿಲ್ಲಿಸಿದರು. ಬೇರೆ ಯಾರಿಗೂ ಗೊತ್ತಾಗದ ಶಿಕ್ಷೆ ಅದು. ಅವರಿಗೆ ನಾನು ಸುಳ್ಳು ಹೇಳಿದ್ದೆ ಎಂಬುದನ್ನು ಒಪ್ಪಿಕೊಳ್ಳಬೇಕು ಎಂದು ಹೊರಟವಳು ಪ್ರತಿ ಸಲವೂ ಚಹಾ ಕುಡಿದು ಸುಮ್ಮನೆ ಬರುತ್ತಿದ್ದೆ. ಊರೆಲ್ಲ ಬಾಯಿ ಮಾಡುವವಳಿಗೆ ಆ ಒಂದು ಮಾತು ಹದಿನೆಂಟು ವರ್ಷ ಹೊರಡಲಿಲ್ಲ. ಕಾಕಾನಿಗೆ ಕಾಲು ಮುಟ್ಟಿ ನಮಸ್ಕಾರ ಮಾಡಿದರೆ ಅರ್ಧ ಹಗುರಾಗುತ್ತೇನೆ ಎಂದುಕೊಳ್ಳುತ್ತಿದ್ದೆ. ಅವರು ಬಾಗಗೊಡುತ್ತಿರಲಿಲ್ಲ.

ಹದಿಮೂರನೆಯ ದಿನ ಹೋದೆ. ಪಡಸಾಲೆಯಲ್ಲಿ ಅಜ್ಜನ ಕುರ್ಚಿಯ ಮೇಲೆಯೇ ಕಾಕಾನ ಫೋಟೋ ಇಟ್ಟು ಹಾರ ಹಾಕಿದ್ದರು. ಹಿಂದೆ ಅಡುಗೆಮನೆಯಲ್ಲಿ ಬಡಿಸುವ ಗಡಿಬಿಡಿ. ಇನ್ನು ತಡೆಯುವವರು ಯಾರೂ ಇಲ್ಲವಲ್ಲ ಎಂದು ನೆಲಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡಿದೆ. ಮಾಡಿದ ಮೇಲೆ ಏಳಬೇಕಿತ್ತು. ಭುಜದ ಮೇಲೆ ಎರಡು ಕೈ ಬರುತ್ತವೆ ಎಂದು ಮೈ ಕಾಯುತ್ತಿತ್ತು. ಬರಲಿಲ್ಲ. ನಾನು ಹಾಗೇ ಬಿದ್ದಿದ್ದೆ. ಹಿಂದೆ ಯಾರೋ ಬಂದು ನಿಂತರು. ಕಾಕುವಿನ ಹೆಜ್ಜೆ ನನಗೆ ಗೊತ್ತು.

ತಲೆ ಎತ್ತದೆಯೇ, ನೆಲಕ್ಕೆ ಹೇಳಿದ ಹಾಗೆ, "ಕಾಕು, ಅವತ್ತ ಕಾಕಾ ಹೂಂ ಅಂದಿರಲಿಲ್ಲ. ನಾ ಸುಳ್ಳ ಹೇಳಿದ್ದೆ," ಎಂದೆ.

"ಗೊತ್ತದ," ಎಂದರು ಕಾಕು. ಆಮೇಲೆ ಅವರ ದನಿ ಹತ್ತಿರದಿಂದ ಬಂತು.

"ನಾವೊರೆ. ಏಳು ಶಾಂತಾ, ಎಲೀ ಹಾಕೇವಿ. ಉಂಡ ಹೋಗು."